ಕೃತ್ತಿಕೆಯಲ್ಲಿ ಏಳು ನಕ್ಷತ್ರ ಕಂಡರೆ ಕಣ್ಣು ಸರಿಯಿದೆ ಎಂದರ್ಥವೇ? ಮೊಬೈಲ್‌ನಲ್ಲಿ ಅದರ ಫೋಟೋ ಬರುತ್ತದೆಯೇ?

ಚಳಿಗಾಲದ ರಾತ್ರಿ ನೆತ್ತಿಯ ಮೇಲೆ ಚಿಕ್ಕದೊಂದು ನಕ್ಷತ್ರದ ಗುಂಪು ಕಾಣುತ್ತದೆ. ಅದೇ ಕೃತ್ತಿಕಾ. ಅದರ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ನಿಮ್ಮ ಫೋನಿಗೂ ಬಂದಿರಬಹುದು. ಒಂದು, ಕೃತ್ತಿಕೆಯಲ್ಲಿ ಏಳು ನಕ್ಷತ್ರ ಎಣಿಸಲು ಬಂದರೆ ಕಣ್ಣಿನ ಪರೀಕ್ಷೆಯೇ ಬೇಡ ಎನ್ನುವುದು. ಇನ್ನೊಂದು, ನೀಲಿ ಮೋಡದ ನಡುವೆ ಹೊಳೆಯುವ ನಕ್ಷತ್ರಗಳ ಚಿತ್ರ ಹಾಕಿ, ಇದನ್ನು ಹಳ್ಳಿಯಲ್ಲಿ ಮೊಬೈಲ್‌ನಿಂದ ತೆಗೆದದ್ದು ಎನ್ನುವುದು. ಎರಡರಲ್ಲೂ ಸ್ವಲ್ಪ ನಿಜ ಇದೆ, ಹೆಚ್ಚು ತಪ್ಪಿದೆ.

ಚುಟುಕಾಗಿ ಹೇಳುವುದಾದರೆ

- ಕೃತ್ತಿಕೆಯ ಎಣಿಕೆ ನಿಮ್ಮ ಕಣ್ಣಿಗಿಂತ ಹೆಚ್ಚಾಗಿ ನಿಮ್ಮ ಊರಿನ ಆಕಾಶದ ಸ್ಥಿತಿಯನ್ನು ಹೇಳುತ್ತದೆ. ಅದನ್ನು ಕಣ್ಣಿನ ತಪಾಸಣೆಯ ಬದಲಿಗೆ ಬಳಸಬಾರದು.
- ಸಾಧಾರಣ ಮೊಬೈಲ್‌ನಲ್ಲೂ ಕೃತ್ತಿಕೆಯ ಫೋಟೋ ಬರುತ್ತದೆ. ಆದರೆ ಬರುವುದು ಚುಕ್ಕಿಗಳು, ನೀಲಿ ಮೋಡವಲ್ಲ.
- ನೀಲಿ ಮೋಡ ಸುಳ್ಳಲ್ಲ. ಅದನ್ನು ಹಿಡಿಯಲು ಬೇರೆ ಸಾಧನ ಬೇಕು, ತುಂಬಾ ಹೊತ್ತು ಬೇಕು.

ಕೃತ್ತಿಕೆ ಒಂದು ನಕ್ಷತ್ರವಲ್ಲ

ಪಂಚಾಂಗದಲ್ಲಿ ಕೃತ್ತಿಕಾ ಎಂಬುದು ಒಂದು ನಕ್ಷತ್ರದ ಹೆಸರು. ಆಕಾಶದಲ್ಲಿ ಅದು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಗುಂಪು. ಒಂದೇ ಅನಿಲದ ಮೋಡದಿಂದ ಸರಿಸುಮಾರು ಒಂದೇ ಕಾಲಕ್ಕೆ ಹುಟ್ಟಿ, ಇನ್ನೂ ಚದುರಿ ಹೋಗದೆ ಜೊತೆಯಾಗಿ ಸಾಗುತ್ತಿರುವ ಇಂಥ ಗುಂಪನ್ನು ಮುಕ್ತ ನಕ್ಷತ್ರಗುಚ್ಛ ಎನ್ನುತ್ತಾರೆ. ಇಂಗ್ಲಿಷಿನವರು ಇದನ್ನು ಪ್ಲೀಯಡೀಸ್ ಎಂದು ಕರೆಯುತ್ತಾರೆ. ಫ್ರಾನ್ಸಿನ ಚಾರ್ಲ್ಸ್ ಮೆಸಿಯೆ 1769ರಲ್ಲಿ ತನ್ನ ಪಟ್ಟಿಗೆ ಸೇರಿಸಿದ ಮೇಲೆ ಎಂ45 ಎಂಬ ಹೆಸರೂ ಬಂತು.

ಇದರ ವಯಸ್ಸು ಸುಮಾರು 10 ಕೋಟಿ ವರ್ಷ. ದೊಡ್ಡ ಸಂಖ್ಯೆ ಎನಿಸಬಹುದು, ಆದರೆ ನಮ್ಮ ಭೂಮಿಯ ವಯಸ್ಸು ಸುಮಾರು 450 ಕೋಟಿ ವರ್ಷ. ಈ ನಕ್ಷತ್ರಗಳು ಹುಟ್ಟುವಾಗ ಭೂಮಿಯ ಮೇಲೆ ಆಗಲೇ ಡೈನೋಸಾರ್‌ಗಳು ಓಡಾಡುತ್ತಿದ್ದವು. ಕೃತ್ತಿಕೆಯಿಂದ ಬುದ್ಧಿವಂತ ಜೀವಿಗಳು ಬಂದು ಮನುಷ್ಯರಿಗೆ ಪಾಠ ಹೇಳಿದವು ಎನ್ನುವ ವಿಡಿಯೋ ಬಂದರೆ ಈ ಎರಡು ಸಂಖ್ಯೆಗಳನ್ನು ನೆನಪಿಸಿಕೊಳ್ಳಿ. ಭೂಮಿಯಲ್ಲಿ ಸರಳ ಜೀವಿಗಳಿಂದ ಮನುಷ್ಯನವರೆಗೆ ಬರಲು ನೂರಾರು ಕೋಟಿ ವರ್ಷ ಹಿಡಿದಿದೆ.

ದೂರ ಸುಮಾರು 440 ಜ್ಯೋತಿರ್ವರ್ಷ. ಅಂದರೆ ಈ ಚಳಿಗಾಲದಲ್ಲಿ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ 1565ರ ತಾಳಿಕೋಟೆ ಯುದ್ಧ ಮುಗಿದು ಇನ್ನೂ ಒಂದೆರಡು ದಶಕವಷ್ಟೇ ಆಗಿತ್ತು.

ಎಲ್ಲಿ, ಯಾವಾಗ ನೋಡಬೇಕು?

ನಾವಿಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಐನಾಪುರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ (ಬೆಳಗಾವಿ ಜಿಲ್ಲೆಯ ಐನಾಪುರ ಬೇರೆ). ಈ ಭಾಗದಲ್ಲಿ ಕೃತ್ತಿಕೆ ಆಕಾಶದ ತುತ್ತತುದಿಗೆ ಏರುವಾಗ ನೆತ್ತಿಯಿಂದ ಉತ್ತರಕ್ಕೆ 7 ಡಿಗ್ರಿಯಷ್ಟೇ ವಾಲಿರುತ್ತದೆ. ಹಾಗೆ ನೆತ್ತಿಗೆ ಬರುವ ಹೊತ್ತು ಹೀಗಿದೆ:

- ನವೆಂಬರ್ 20ರ ಸುಮಾರಿಗೆ: ನಡುರಾತ್ರಿ 12 ಗಂಟೆ
- ಡಿಸೆಂಬರ್ 20ರ ಸುಮಾರಿಗೆ: ರಾತ್ರಿ 10 ಗಂಟೆ
- ಜನವರಿ 20ರ ಸುಮಾರಿಗೆ: ರಾತ್ರಿ 8 ಗಂಟೆ

ಮಾರ್ಚ್‌ನಲ್ಲಿ ಕತ್ತಲಾದ ಮೇಲೆ ಪಶ್ಚಿಮಕ್ಕೆ ಇಳಿದಿರುತ್ತದೆ. ಮೇ ತಿಂಗಳಲ್ಲಿ ಕಾಣುವುದೇ ಇಲ್ಲ. ಇಲ್ಲೊಂದು ಸ್ವಾರಸ್ಯ ಇದೆ. ನಮ್ಮ ರೈತರು ಲೆಕ್ಕ ಹಾಕುವ ಕೃತ್ತಿಕೆ ಮಳೆ ಬರುವುದು ಮೇ ಎರಡನೇ ವಾರದಿಂದ ಸುಮಾರು ಎರಡು ವಾರ. ರೋಹಿಣಿ, ಮಿರಗ ಆಮೇಲೆ. ಮಳೆ ನಕ್ಷತ್ರ ಎಂದರೆ ಆ ದಿನಗಳಲ್ಲಿ ಸೂರ್ಯ ಇರುವ ನಕ್ಷತ್ರ. ಸೂರ್ಯ ಕೃತ್ತಿಕೆಯ ದಿಕ್ಕಿನಲ್ಲೇ ಇದ್ದಾಗ ಕೃತ್ತಿಕೆ ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ. ಹಾಗಾಗಿ ಕೃತ್ತಿಕೆ ಮಳೆಯಲ್ಲಿ ಕೃತ್ತಿಕೆಯನ್ನು ಹುಡುಕಿದರೆ ಸಿಗುವುದಿಲ್ಲ.

ಕಾರ್ತಿಕ ಹುಣ್ಣಿಮೆಯೂ ಹಾಗೆಯೇ. ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ ಬರುವ ತಿಂಗಳು ಎಂಬುದರಿಂದಲೇ ಕಾರ್ತಿಕ ಎಂಬ ಹೆಸರು. ಹೆಸರು ಅದರದೇ ಆದರೂ ಆ ರಾತ್ರಿ ಚಂದ್ರನ ಬೆಳಕಿನಲ್ಲಿ ಕೃತ್ತಿಕೆ ಮುಚ್ಚಿಹೋಗುತ್ತದೆ.

ಗುರುತು ಹಿಡಿಯುವುದು ಸುಲಭ. ಒಂದೇ ಸಾಲಿನಲ್ಲಿ ಸಮದೂರದಲ್ಲಿರುವ ಮೂರು ನಕ್ಷತ್ರಗಳನ್ನು ಹುಡುಕಿ. ಆ ಸಾಲನ್ನು ಒಂದು ಕಡೆ ಉದ್ದ ಎಳೆದರೆ ಆಕಾಶದಲ್ಲೇ ಅತಿ ಪ್ರಖರವಾದ ಲುಬ್ಧಕ ಸಿಗುತ್ತದೆ. ಇನ್ನೊಂದು ಕಡೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ. ರೋಹಿಣಿಯನ್ನು ದಾಟಿ, ಕೈ ಚಾಚಿ ಹಿಡಿದ ಮುಷ್ಟಿಯ ಒಂದೂವರೆ ಅಳತೆಯಷ್ಟು ಮುಂದೆ ಹೋದರೆ ಕೃತ್ತಿಕೆ.

ಇದರ ಆಕಾರ ಪುಟ್ಟ ಸೌಟಿನಂತೆ ಇರುವುದರಿಂದ ಹಲವರು ಇದನ್ನೇ ಸಪ್ತರ್ಷಿ ಮಂಡಲ ಎಂದುಕೊಳ್ಳುತ್ತಾರೆ. ಅಳತೆಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಸಪ್ತರ್ಷಿ ಮಂಡಲವನ್ನು ಮುಚ್ಚಲು ಎರಡೂವರೆ ಮುಷ್ಟಿ ಬೇಕು. ಕೃತ್ತಿಕೆಯ ಸೌಟನ್ನು ಮುಚ್ಚಲು ಚಾಚಿದ ಕೈಯ ಕಿರುಬೆರಳು ಹೆಚ್ಚುಕಡಿಮೆ ಸಾಕು.

ಹೇಳಿಕೆ 1: ಏಳು ಕಂಡರೆ ಕಣ್ಣು ಸರಿಯಿದೆ

ಏಳು ಎಂಬ ಸಂಖ್ಯೆಯೇ ಎಲ್ಲರಿಗೂ ಒಪ್ಪಿತವಲ್ಲ. ಗ್ರೀಕರ ಕಥೆಯಲ್ಲಿ ಇವರು ಏಳು ಸೋದರಿಯರು. ನಮ್ಮ ಪುರಾಣದಲ್ಲಿ ಷಣ್ಮುಖನನ್ನು ಸಾಕಿದ ಕೃತ್ತಿಕೆಯರು ಆರು ಜನ. ಇತ್ತ ತೈತ್ತಿರೀಯ ಪಠ್ಯಗಳಲ್ಲಿ ಅಂಬಾ, ದುಲಾ, ನಿತತ್ನೀ, ಅಭ್ರಯಂತೀ, ಮೇಘಯಂತೀ, ವರ್ಷಯಂತೀ, ಚುಪುಣೀಕಾ ಎಂದು ಏಳು ಹೆಸರುಗಳಿವೆ. ಬರಿಗಣ್ಣಿಗೆ ಎಷ್ಟು ಕಾಣುತ್ತವೆ ಎಂಬುದು ಹಿಂದೆಯೂ ಒಂದೇ ಉತ್ತರದ ಪ್ರಶ್ನೆಯಾಗಿರಲಿಲ್ಲ.

ಕಾರಣ ನಕ್ಷತ್ರಗಳ ಹೊಳಪಿನಲ್ಲಿದೆ. ನಕ್ಷತ್ರದ ಹೊಳಪನ್ನು ಕಾಂತಿಮಾನ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಒಂದು ಅಂಕಿ ಏರಿದರೆ ಹೊಳಪು ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ. ಕೃತ್ತಿಕೆಯ ಮುಖ್ಯ ನಕ್ಷತ್ರಗಳು ಹೀಗಿವೆ:

- ಅಲ್ಸಿಯೋನ್: 2.9
- ಅಟ್ಲಾಸ್: 3.6
- ಎಲೆಕ್ಟ್ರಾ: 3.7
- ಮಾಯಾ: 3.9
- ಮೆರೋಪೆ: 4.2
- ಟೈಗೆಟಾ: 4.3
- ಪ್ಲಿಯೋನ್: ಸುಮಾರು 5.1 (ಇದರ ಹೊಳಪು ಸ್ವಲ್ಪ ಏರಿಳಿಯುತ್ತದೆ)
- ಸೆಲೀನೋ: 5.5
- ಸ್ಟೆರೋಪೆ: 5.8

ಆರನೆಯದಕ್ಕೂ ಏಳನೆಯದಕ್ಕೂ ನಡುವೆ ದೊಡ್ಡ ಜಿಗಿತ ಇರುವುದನ್ನು ಗಮನಿಸಿ. ಹೆಚ್ಚಿನವರ ಎಣಿಕೆ ಆರಕ್ಕೆ ನಿಲ್ಲುವುದು ಇದರಿಂದಲೇ.

ಈಗ ಕಣ್ಣಿನ ಆಸ್ಪತ್ರೆಯ ಚಾರ್ಟ್ ನೆನಪಿಸಿಕೊಳ್ಳಿ. ಚಾರ್ಟ್ ಅಳೆಯುವುದು ಹತ್ತಿರ ಹತ್ತಿರ ಇರುವ ಎರಡು ಗೆರೆಗಳನ್ನು ಬೇರೆಬೇರೆಯಾಗಿ ಕಾಣುವ ಶಕ್ತಿಯನ್ನು. 6/6 ದೃಷ್ಟಿ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರ ಗೊತ್ತಾಗಬೇಕು. ಕೃತ್ತಿಕೆಯಲ್ಲಿ ಜೋಡಿಯಾಗಿ ಕಾಣುವ ಅಟ್ಲಾಸ್ ಮತ್ತು ಪ್ಲಿಯೋನ್ ನಡುವೆ ಇದರ ಐದು ಪಟ್ಟು ಅಂತರ ಇದೆ. ಹಾಗಾಗಿ ಪ್ಲಿಯೋನ್ ಕಾಣದಿರಲು ಅಂತರ ಸಾಲದು ಎಂಬುದು ಮುಖ್ಯ ಕಾರಣವಲ್ಲ. ಅದು ಪಕ್ಕದ ಅಟ್ಲಾಸ್‌ಗಿಂತ ನಾಲ್ಕು ಪಟ್ಟು ಮಂಕಾಗಿದೆ, ಅಷ್ಟೇ. ಮಂಕಾದದ್ದು ಕಾಣಬೇಕಾದರೆ ಹಿನ್ನೆಲೆಯ ಆಕಾಶ ಕಪ್ಪಾಗಿರಬೇಕು.

ಆದ್ದರಿಂದ ಒಬ್ಬರೇ ವ್ಯಕ್ತಿ, ಅದೇ ಕಣ್ಣು, ಬೀದಿದೀಪದ ಕೆಳಗೆ ನಿಂತರೆ ಮೂರೋ ನಾಲ್ಕೋ ಎಣಿಸಬಹುದು, ಊರಾಚೆಯ ಹೊಲದಲ್ಲಿ ಆರು ಏಳು ಎಣಿಸಬಹುದು. ಬದಲಾದದ್ದು ಕಣ್ಣಲ್ಲ.

ಹಾಗಾದರೆ ಕಣ್ಣಿಗೆ ಸಂಬಂಧವೇ ಇಲ್ಲವೇ?

ಇದೆ. ಎರಡು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಮನೆಯವರೆಲ್ಲ ಒಂದೇ ಕಡೆ ನಿಂತು ನೋಡುವಾಗ ಎಲ್ಲರಿಗೂ ಬಿಡಿಬಿಡಿ ಚುಕ್ಕಿ ಕಂಡು, ಒಬ್ಬ ಮಗುವಿಗೆ ಮಾತ್ರ ಮಬ್ಬು ಹೊಗೆಯಂತೆ ಕಂಡರೆ, ಮಗುವಿಗೆ ದೂರದೃಷ್ಟಿಯ ಕನ್ನಡಕ ಬೇಕಿರಬಹುದು. ಕಣ್ಣಿನ ತಪಾಸಣೆ ಮಾಡಿಸಿ. ಮುಸ್ಸಂಜೆಯಾಗುತ್ತಲೇ ಎಡವುವುದು, ಮಂದ ಬೆಳಕಿನಲ್ಲಿ ದಾರಿ ಕಾಣದಿರುವುದು ಇದ್ದರೂ ವೈದ್ಯರ ಬಳಿ ಹೋಗಬೇಕು. ಇರುಳುಗುರುಡಿಗೆ ಎ ವಿಟಮಿನ್ ಕೊರತೆಯೂ ಒಂದು ಕಾರಣ, ಬೇರೆ ಕಾರಣಗಳೂ ಇವೆ.

ಎರಡನೆಯದು ಇನ್ನೂ ಮುಖ್ಯ. ಒಂಬತ್ತು ನಕ್ಷತ್ರ ಎಣಿಸಿದರೂ ಕಣ್ಣು ಆರೋಗ್ಯವಾಗಿದೆ ಎಂದು ಹೇಳಲು ಬರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿ ಮತ್ತು ಗ್ಲಾಕೋಮಾ, ಎರಡೂ ಆರಂಭದಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ನೋಟ ಮಬ್ಬಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ಕಳೆದುಹೋದದ್ದು ಮರಳಿ ಬಾರದಿರಬಹುದು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಕಣ್ಣಿನ ಹಿಂಭಾಗದ ತಪಾಸಣೆ ಮಾಡಿಸಿಕೊಳ್ಳಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ. ನಕ್ಷತ್ರ ಎಣಿಸಿ ಆ ತಪಾಸಣೆ ತಪ್ಪಿಸಿಕೊಳ್ಳಿ ಎನ್ನುವ ಫಾರ್ವರ್ಡ್ ಅಪಾಯಕಾರಿ.

ಎಣಿಸುವುದು ಹೇಗೆ, ಅದು ಏನು ಹೇಳುತ್ತದೆ?

ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಫೋನ್ ಪರದೆ ನೋಡಿದರೂ ಮತ್ತೆ ಕಾಯಬೇಕಾಗುತ್ತದೆ. ಟಾರ್ಚ್‌ಗೆ ಕೆಂಪು ಬಣ್ಣದ ಪಾರದರ್ಶಕ ಕಾಗದ ಸುತ್ತಿಕೊಂಡರೆ ತೊಂದರೆ ಕಡಿಮೆ. ಚಂದ್ರ ಇರಬಾರದು. ಗುಂಪನ್ನು ನೇರವಾಗಿ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ನಟ್ಟನಡುವೆ ಮಂದ ಬೆಳಕು ಗ್ರಹಿಸುವ ಕೋಶಗಳಿಲ್ಲ, ಅವು ಸುತ್ತಲೂ ಇವೆ. ಪಕ್ಕದ ನೋಟದಲ್ಲಿ ಮಂಕು ನಕ್ಷತ್ರಗಳು ತಟ್ಟನೆ ಕಾಣಿಸಿಕೊಳ್ಳುತ್ತವೆ.

ಎಣಿಕೆಯ ಅರ್ಥ ಸ್ಥೂಲವಾಗಿ ಹೀಗೆ:

- 4 ಅಥವಾ ಕಡಿಮೆ: ಹತ್ತಿರದಲ್ಲಿ ದೀಪ, ಧೂಳು ಅಥವಾ ಚಂದ್ರನ ಬೆಳಕು ಇದೆ
- 6: ಪರವಾಗಿಲ್ಲ
- 7: ಚೆನ್ನಾಗಿ ಕತ್ತಲಿರುವ ಆಕಾಶ
- 8ರಿಂದ 9, ಇನ್ನೂ ಹೆಚ್ಚು: ಈಗ ಅಪರೂಪವಾಗುತ್ತಿರುವ ಒಳ್ಳೆಯ ಆಕಾಶ

ವಯಸ್ಸಾದಂತೆ ಕತ್ತಲಲ್ಲಿ ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗಿ ತೆರೆಯುವುದಿಲ್ಲ. ಆದ್ದರಿಂದ ಅಜ್ಜನ ಎಣಿಕೆಯನ್ನು ಮೊಮ್ಮಗಳ ಎಣಿಕೆಗೆ ಹೋಲಿಸಬೇಡಿ. ಒಬ್ಬರೇ ಎರಡು ಜಾಗದಲ್ಲಿ ಎಣಿಸಿ ಹೋಲಿಸಿ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಅದರಲ್ಲೂ ನೋಡಿ, ಹತ್ತಾರು ನಕ್ಷತ್ರಗಳು ಒಮ್ಮೆಲೇ ಕಾಣುತ್ತವೆ. ಗೆಲಿಲಿಯೊ ತನ್ನ ದೂರದರ್ಶಕದಲ್ಲಿ ನೋಡಿ 1610ರಲ್ಲಿ ಪ್ರಕಟಿಸಿದ ಚಿತ್ರದಲ್ಲಿ 36 ನಕ್ಷತ್ರಗಳಿದ್ದವು.

ವಾಡಿಯ ಆಕಾಶ, ಐನಾಪುರದ ಆಕಾಶ

ಕಲಬುರಗಿ ಜಿಲ್ಲೆಯಲ್ಲಿ ಈ ಹೋಲಿಕೆ ಮಾಡುವುದು ಸುಲಭ. ಸೇಡಂ, ಮಳಖೇಡ, ವಾಡಿ ಕಡೆ ಸುಣ್ಣದಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟ್ ಕುಲುಮೆ ಹಗಲು ರಾತ್ರಿ ಉರಿಯುತ್ತದೆ, ಆವರಣದ ದೀಪಗಳೂ ಹಾಗೆಯೇ. ಮೇಲಕ್ಕೆ ಹೋದ ಬೆಳಕು ಗಾಳಿಯಲ್ಲಿನ ಧೂಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ನಕ್ಷತ್ರ ಎಲ್ಲೂ ಹೋಗಿರುವುದಿಲ್ಲ, ಅದರ ಹಿಂದಿನ ಪರದೆ ಬೆಳ್ಳಗಾಗಿರುತ್ತದೆ.

ಚಿಂಚೋಳಿ ತಾಲ್ಲೂಕು ಈ ಪಟ್ಟಿಯಿಂದ ಉತ್ತರಕ್ಕಿದೆ, ಅದರ ಪೂರ್ವಕ್ಕೆ 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದ ಕಾಡು. ಐನಾಪುರದ ಕಡೆಯ ಹೊಲದಲ್ಲಿ ನಿಂತರೆ ಕಾರ್ಖಾನೆಗಳ ಬೆಳಕು ದಕ್ಷಿಣ, ನೈಋತ್ಯದ ದಿಗಂತಕ್ಕೆ ಬೀಳುತ್ತದೆ. ಕೃತ್ತಿಕೆ ಇರುವುದು ನೆತ್ತಿಯಲ್ಲಿ, ಆ ಬೆಳಕಿನಿಂದ ದೂರ. ಎಣಿಸಲು ಇದು ಒಳ್ಳೆಯ ಜಾಗ. ಆದರೆ ಕತ್ತಲೆ ಹುಡುಕಿಕೊಂಡು ರಾತ್ರಿ ಧಾಮದೊಳಗೆ ಹೋಗಬೇಡಿ, ಅನುಮತಿ ಇಲ್ಲದೆ ಪ್ರವೇಶಿಸುವುದು ಅಪರಾಧ. ಹೊಲದಲ್ಲೂ ಬೂಟು, ಟಾರ್ಚ್ ಇರಲಿ, ಹಾವು ಚೇಳು ಇರುತ್ತವೆ.

ಹೇಳಿಕೆ 2: ನೀಲಿ ಮೋಡದ ಫೋಟೋ ಮೊಬೈಲ್‌ನದ್ದು

ನೀಲಿ ಮೋಡ ನಿಜವಾಗಿಯೂ ಇದೆ. ನಕ್ಷತ್ರಗಳ ಸುತ್ತಲಿನ ಧೂಳು ಅವುಗಳ ಬೆಳಕನ್ನೇ ಚದುರಿಸಿ ನೀಲಿಯಾಗಿ ಕಾಣುತ್ತದೆ. ಮೋಡ ಸ್ವಂತವಾಗಿ ಹೊಳೆಯುತ್ತಿಲ್ಲ, ನಕ್ಷತ್ರದ ಬೆಳಕನ್ನು ಪ್ರತಿಫಲಿಸುತ್ತಿದೆ ಎಂದು ಅಮೆರಿಕದ ವೆಸ್ಟೊ ಸ್ಲೈಫರ್ 1912ರಲ್ಲಿ ತೋರಿಸಿದರು. ಇದು ನಕ್ಷತ್ರಗಳು ಹುಟ್ಟಿದ ಮೋಡದ ಉಳಿಕೆ ಎಂದು ಮೊದಲು ಭಾವಿಸಿದ್ದರು. ಕೃತ್ತಿಕೆ ತನ್ನ ದಾರಿಯಲ್ಲಿ ಸಿಕ್ಕ ಬೇರೊಂದು ಧೂಳಿನ ಮೋಡವನ್ನು ಹಾದುಹೋಗುತ್ತಿದೆ ಎಂಬುದು ಈಗಿನ ತಿಳಿವಳಿಕೆ.

ಆದರೆ ಆ ಮೋಡ ತುಂಬಾ ಮಂಕು. ಫಾರ್ವರ್ಡ್‌ಗಳಲ್ಲಿ ಬರುವಂಥ ಚಿತ್ರ ಸಿಗಬೇಕಾದರೆ ದೂರದರ್ಶಕ ಅಥವಾ ದೊಡ್ಡ ಲೆನ್ಸನ್ನು ಆಕಾಶದ ಚಲನೆಗೆ ಸರಿಯಾಗಿ ತಿರುಗಿಸುವ ಯಂತ್ರದ ಮೇಲಿಟ್ಟು, ಸಾಮಾನ್ಯವಾಗಿ ಗಂಟೆಗಟ್ಟಲೆ ಬೆಳಕು ಕೂಡಿಸಬೇಕು. ನಮ್ಮ ಕಣ್ಣಿಗೆ ಹಾಗೆ ಬೆಳಕು ಕೂಡಿಟ್ಟುಕೊಳ್ಳಲು ಬಾರದು, ಮಂದ ಬೆಳಕಿನಲ್ಲಿ ಬಣ್ಣವೂ ತಿಳಿಯದು. ಆದ್ದರಿಂದ ಬರಿಗಣ್ಣಿಗೆ ನೀಲಿ ಮೋಡ ಕಾಣುತ್ತದೆ ಎಂಬುದು ತಪ್ಪು, ಬಣ್ಣ ಕಂಪ್ಯೂಟರಿನಲ್ಲಿ ಬಳಿದದ್ದು ಎಂಬುದೂ ತಪ್ಪು. ಈಗ ಫೋನಿನಿಂದ ನಡೆಸುವ ಪುಟ್ಟ ಸ್ಮಾರ್ಟ್ ಟೆಲಿಸ್ಕೋಪುಗಳೂ ಬಂದಿವೆ. ಅವುಗಳ ಚಿತ್ರ ಫೋನಿಗೆ ಬರುತ್ತದೆ, ಆದರೆ ತೆಗೆದದ್ದು ಫೋನಿನ ಕ್ಯಾಮೆರಾ ಅಲ್ಲ.

ಮೊಬೈಲ್‌ನಲ್ಲಿ ನಿಜಕ್ಕೂ ಎಷ್ಟು ಬರುತ್ತದೆ?

ಲೆಕ್ಕ ಸರಳ. ಮೊಬೈಲ್‌ನ ಮುಖ್ಯ ಕ್ಯಾಮೆರಾ ಒಮ್ಮೆಗೆ ಸುಮಾರು 70 ಡಿಗ್ರಿ ಅಗಲದ ಆಕಾಶ ಹಿಡಿಯುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ ಸುಮಾರು 4000 ಪಿಕ್ಸೆಲ್. ಒಂದು ಡಿಗ್ರಿಯಷ್ಟಿರುವ ಕೃತ್ತಿಕೆಯ ಸೌಟಿಗೆ ಸಿಗುವುದು 60 ಪಿಕ್ಸೆಲ್‌ಗಳ ಆಸುಪಾಸು. ಇಡೀ ಪರದೆ ತುಂಬುವ ಕೃತ್ತಿಕೆಯನ್ನು ಮುಖ್ಯ ಕ್ಯಾಮೆರಾದಲ್ಲಿ ತೆಗೆದೆ ಎಂದು ಯಾರಾದರೂ ಹೇಳಿದರೆ ಈ 60 ನೆನಪಿರಲಿ. ಅಷ್ಟರಲ್ಲೇ ಆರೇಳು ನಕ್ಷತ್ರಗಳು ಬಿಡಿಬಿಡಿಯಾಗಿ ಬರುತ್ತವೆ.

ತೆಗೆಯುವ ಕ್ರಮ:

1. ಲೆನ್ಸ್ ಒರೆಸಿ. ಟ್ರೈಪಾಡ್ ಇಲ್ಲದಿದ್ದರೆ ಎರಡು ಇಟ್ಟಿಗೆಗಳ ಮೇಲೆ ಫೋನನ್ನು ಮೇಲ್ಮುಖವಾಗಿ ಮಲಗಿಸಿ. ಕೃತ್ತಿಕೆ ನೆತ್ತಿಯಲ್ಲೇ ಇರುವುದರಿಂದ ಇದು ನಡೆಯುತ್ತದೆ.
2. ಪ್ರೊ ಮೋಡ್ ಇದ್ದರೆ ಐಎಸ್‌ಒ 1600, ಶಟರ್ 10 ಸೆಕೆಂಡ್, ಫೋಕಸ್ ಅನಂತಕ್ಕೆ ಇಡಿ. ಇಲ್ಲದಿದ್ದರೆ ನೈಟ್ ಮೋಡ್ ಸಾಕು. ಕೆಲವು ಫೋನ್‌ಗಳಲ್ಲಿ ನಕ್ಷತ್ರಗಳಿಗೆಂದೇ ಆಸ್ಟ್ರೋ ಮೋಡ್ ಇದೆ.
3. 3 ಅಥವಾ 10 ಸೆಕೆಂಡಿನ ಟೈಮರ್ ಹಾಕಿ. ಬೆರಳು ತಾಗಿದ ಅಲುಗಾಟಕ್ಕೇ ಚಿತ್ರ ಕೆಡುತ್ತದೆ.
4. ಫ್ಲಾಶ್ ಆರಿಸಿ, ಜೂಮ್ ಮಾಡಬೇಡಿ. ಕತ್ತಲಲ್ಲಿ ಹಲವು ಫೋನ್‌ಗಳು ಜೂಮ್ ಲೆನ್ಸ್ ಬಿಟ್ಟು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಹಿಗ್ಗಿಸಿ ಕೊಡುತ್ತವೆ. ತೆಗೆದ ಮೇಲೆ ಕ್ರಾಪ್ ಮಾಡಿ.
5. ಒಂದರ ಹಿಂದೆ ಒಂದು 20ರಿಂದ 30 ಚಿತ್ರ ತೆಗೆಯಿರಿ.

ಶಟರನ್ನು 30 ಸೆಕೆಂಡಿಗೆ ಏರಿಸಬೇಡಿ. ಭೂಮಿ ತಿರುಗುವುದರಿಂದ 10 ಸೆಕೆಂಡಿನಲ್ಲಿ ನಕ್ಷತ್ರ ಚಿತ್ರದಲ್ಲಿ ಎರಡು ಪಿಕ್ಸೆಲ್‌ನಷ್ಟು ಜರುಗುತ್ತದೆ, 30 ಸೆಕೆಂಡಿನಲ್ಲಿ ಏಳರಷ್ಟು. ಚುಕ್ಕಿ ಗೀಟಾಗುತ್ತದೆ. ಹೆಚ್ಚು ಬೆಳಕು ಬೇಕಿದ್ದರೆ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆಯಬೇಕು. 25 ಚಿತ್ರ ಸೇರಿಸಿದರೆ ಕಾಳುಕಾಳಾಗಿ ಕಾಣುವ ದೋಷ ಐದನೇ ಒಂದಕ್ಕೆ ಇಳಿಯುತ್ತದೆ. ಕಂಪ್ಯೂಟರಿನಲ್ಲಿ ಇದನ್ನು ಮಾಡುವ ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ತಂತ್ರಾಂಶಗಳು ಉಚಿತ.

ಒಂದು ಎಚ್ಚರಿಕೆ. ಫೋನ್‌ಗಳು ಈಗ ಚಿತ್ರವನ್ನು ತಾವೇ ತಿದ್ದುತ್ತವೆ. 2023ರಲ್ಲಿ ಬಳಕೆದಾರರೊಬ್ಬರು ಬೇಕೆಂದೇ ಮಬ್ಬು ಮಾಡಿದ ಚಂದ್ರನ ಚಿತ್ರವನ್ನು ಪರದೆಯ ಮೇಲಿಟ್ಟು ಸ್ಯಾಮ್ಸಂಗ್ ಫೋನಿನಲ್ಲಿ ತೆಗೆದಾಗ ಅದರಲ್ಲಿ ಇಲ್ಲದ ವಿವರಗಳೂ ಮೂಡಿದ್ದವು. ಚಂದ್ರನನ್ನು ಗುರುತಿಸಿದರೆ ಕೃತಕ ಬುದ್ಧಿಮತ್ತೆಯಿಂದ ವಿವರ ಹೆಚ್ಚಿಸುತ್ತೇವೆ ಎಂದು ಕಂಪನಿ ವಿವರಿಸಿತು. ನಿಮ್ಮ ಚಿತ್ರದ ಚುಕ್ಕಿಗಳನ್ನು ಸ್ಟೆಲೇರಿಯಂನಂಥ ಆಕಾಶ ನಕ್ಷೆಯ ಆ್ಯಪ್ ಜೊತೆ ಹೋಲಿಸಿ ನೋಡಿ.

ಎಳ್ಳಮವಾಸ್ಯೆಯ ರಾತ್ರಿ ಒಂದು ಎಣಿಕೆ

ಕಲಬುರಗಿ ಭಾಗದಲ್ಲಿ ಡಿಸೆಂಬರ್ ಕೊನೆ, ಜನವರಿಯ ಸುಮಾರಿಗೆ ಎಳ್ಳಮವಾಸ್ಯೆ ಬರುತ್ತದೆ. ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ದಿನ. ಅಮಾವಾಸ್ಯೆಯಾದ್ದರಿಂದ ಚಂದ್ರನ ಕಾಟ ಇಲ್ಲ, ಮೋಡವೂ ಸಾಮಾನ್ಯವಾಗಿ ಕಡಿಮೆ. ಆ ರಾತ್ರಿ ಒಂಬತ್ತರ ಆಸುಪಾಸಿಗೆ ಕೃತ್ತಿಕೆ ನೆತ್ತಿಯ ಹತ್ತಿರ ಇರುತ್ತದೆ. ಅಂದು ಒಂದು ಎಣಿಕೆ, ಒಂದು ಫೋಟೋ. ಜಾಗ, ಗಂಟೆ, ಫೋನಿನ ಸೆಟ್ಟಿಂಗ್ ಬರೆದಿಡಿ. ಮುಂದಿನ ವರ್ಷ ಅದೇ ದಿನ, ಅದೇ ಜಾಗದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಮಾಡಿ.

ಈ ವರ್ಷ ಏಳು ಇದ್ದದ್ದು ಮುಂದೆ ಐದಾದರೆ ನಿಮ್ಮ ಊರಿನಲ್ಲಿ ಏನೋ ಬದಲಾಗಿದೆ. ಅದು ಹೊಸ ಹೈಮಾಸ್ಟ್ ದೀಪವಿರಬಹುದು. ದೀಪವೇ ಬೇಡ ಎಂದು ಯಾರೂ ಹೇಳುವುದಿಲ್ಲ, ರಾತ್ರಿ ಓಡಾಡುವವರಿಗೆ ಅದು ಬೇಕು. ಬೆಳಕು ಮೇಲಕ್ಕೆ ಹೋಗದಂತೆ ಮರೆ ಹಾಕಿ ನೆಲದ ಕಡೆ ತಿರುಗಿಸಿದರೆ ರಸ್ತೆಗೂ ಬೆಳಕು, ಆಕಾಶಕ್ಕೂ ಕತ್ತಲೆ. ಪಂಚಾಯಿತಿಯಲ್ಲಿ ಇದನ್ನು ಕೇಳಲು ನಿಮ್ಮ ಎರಡು ವರ್ಷದ ಎಣಿಕೆ ಒಳ್ಳೆಯ ಆಧಾರ.

ಫಾರ್ವರ್ಡ್ ಮಾಡುವ ಮುನ್ನ

- ಕೃತ್ತಿಕೆ ಎಣಿಕೆ ಕಣ್ಣಿನ ಪರೀಕ್ಷೆ ಎನ್ನುವ ಸಂದೇಶ: ತಪ್ಪು. ಹಂಚಬೇಡಿ.
- ಬರಿಗಣ್ಣಿಗೆ ನೀಲಿ ಮೋಡ ಕಾಣುತ್ತದೆ: ತಪ್ಪು.
- ಕ್ಯಾಮೆರಾ ಚಿತ್ರಗಳ ನೀಲಿ ಬಣ್ಣ ಸುಳ್ಳು: ತಪ್ಪು.
- ಮೊಬೈಲ್‌ನಲ್ಲಿ ಕೃತ್ತಿಕೆಯ ನಕ್ಷತ್ರಗಳನ್ನು ಹಿಡಿಯಬಹುದು: ನಿಜ. ಮೋಡವಿಲ್ಲದ ರಾತ್ರಿ ನೀವೇ ತೆಗೆದು, ಊರು, ದಿನ, ಗಂಟೆ, ನೀವು ಎಣಿಸಿದ ಸಂಖ್ಯೆಯ ಜೊತೆ ಹಂಚಿ.